ಢಾಕಾ ವಿಶ್ವವಿದ್ಯಾಲಯ: ಸ್ವಾಯತ್ತತೆ ಕಾಯ್ದೆಯಲ್ಲಿ, ಅಧಿಕಾರ ಹಾಸ್ಟೆಲಿನಲ್ಲಿ

2025ರ ಸೆಪ್ಟೆಂಬರ್ 9ರಂದು ಢಾಕಾ ವಿಶ್ವವಿದ್ಯಾಲಯದ ಕೇಂದ್ರ ವಿದ್ಯಾರ್ಥಿ ಸಂಘಕ್ಕೆ ಚುನಾವಣೆ ನಡೆಯಿತು. ಬಾಂಗ್ಲಾದೇಶದವರು ‘ಡಾಕ್ಸು’ ಎಂದು ಕರೆಯುವ ಈ ಸಂಘದ 28 ಸ್ಥಾನಗಳಲ್ಲಿ 23ನ್ನು ಜಮಾತೆ ಇಸ್ಲಾಮಿಯ ವಿದ್ಯಾರ್ಥಿ ಸಂಘಟನೆಯಾದ ಇಸ್ಲಾಮಿ ಛಾತ್ರ ಶಿಬಿರದ ಬೆಂಬಲ ಪಡೆದ ತಂಡ ಗೆದ್ದುಕೊಂಡಿತು. ಒಂದು ವಿಶ್ವವಿದ್ಯಾಲಯದ ಚುನಾವಣೆ ನೆರೆಯ ದೇಶಗಳ ಪತ್ರಿಕೆಗಳಲ್ಲೂ ಸುದ್ದಿಯಾದದ್ದು ಹಲವರಿಗೆ ಅಚ್ಚರಿ ತಂದಿತು. ಅದಕ್ಕಿಂತ ಹೆಚ್ಚಿನ ಗೊಂದಲ ಹುಟ್ಟಿಸಿದ್ದು ಫಲಿತಾಂಶ. 1952ರ ಭಾಷಾ ಚಳವಳಿಗೆ ನೆಲೆಯಾಗಿದ್ದ, 1971ರಲ್ಲಿ ಪಾಕಿಸ್ತಾನಿ ಸೇನೆಯ ಮೊದಲ ದಾಳಿಗೆ ಗುರಿಯಾದ, ಬಂಗಾಳಿ ರಾಷ್ಟ್ರೀಯತೆಯ ತವರು ಎನ್ನಿಸಿಕೊಂಡ ಆವರಣವೇ ಆ ಸಂಘಟನೆಯನ್ನು ಆರಿಸಿಕೊಂಡದ್ದು ಹೇಗೆ?

ಇದನ್ನು ಕೇವಲ ಸಿದ್ಧಾಂತಗಳ ಏಳುಬೀಳಿನ ಕಥೆಯಾಗಿ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಬ್ರಿಟಿಷರು, ಪಾಕಿಸ್ತಾನ, ಸ್ವತಂತ್ರ ಬಾಂಗ್ಲಾದೇಶದ ಚುನಾಯಿತ ಸರ್ಕಾರಗಳು, ಸೇನಾ ಆಡಳಿತಗಳು, ಎಲ್ಲವೂ ಈ ವಿಶ್ವವಿದ್ಯಾಲಯವನ್ನು ಹಿಡಿದಿಟ್ಟುಕೊಳ್ಳಲು ಹೆಣಗಿವೆ. ಆ ಹಿಡಿತ ಯಾವ ದಾರಿಯಿಂದ ಬಂತು ಎಂದು ನೋಡಬೇಕಾದರೆ ಎರಡು ಪ್ರಶ್ನೆಗಳನ್ನು ಬೆನ್ನಟ್ಟಬೇಕು: ಕುಲಪತಿಯನ್ನು ಯಾರು ನೇಮಿಸುತ್ತಾರೆ, ಮತ್ತು ಹಳ್ಳಿಯಿಂದ ಬಂದ ಹೊಸ ವಿದ್ಯಾರ್ಥಿಗೆ ಹಾಸ್ಟೆಲಿನಲ್ಲಿ ಹಾಸಿಗೆಯನ್ನು ಯಾರು ಕೊಡುತ್ತಾರೆ. ಎರಡನೆಯದೇ ಹೆಚ್ಚು ಮುಖ್ಯ ಎಂಬುದು ಈ ಲೇಖನದ ವಾದ.

ಪರಿಹಾರವಾಗಿ ಹುಟ್ಟಿದ ಸಂಸ್ಥೆ

1905ರಲ್ಲಿ ಬಂಗಾಳವನ್ನು ವಿಭಜಿಸಿದಾಗ ಢಾಕಾ ಹೊಸ ಪ್ರಾಂತ್ಯವೊಂದರ ರಾಜಧಾನಿಯಾಯಿತು. 1911ರ ಡಿಸೆಂಬರಿನ ದೆಹಲಿ ದರ್ಬಾರಿನಲ್ಲಿ ಆ ವಿಭಜನೆ ರದ್ದಾದಾಗ ಪೂರ್ವ ಬಂಗಾಳದ ಮುಸ್ಲಿಂ ಮುಖಂಡರಿಗೆ ದೊಡ್ಡ ಆಘಾತವಾಯಿತು. 1912ರ ಜನವರಿಯಲ್ಲಿ ಢಾಕಾಕ್ಕೆ ಬಂದ ವೈಸರಾಯ್ ಹಾರ್ಡಿಂಜ್ ಅವರನ್ನು ನವಾಬ್ ಸಲೀಮುಲ್ಲಾ ಮೊದಲಾದವರ ನಿಯೋಗ ಭೇಟಿಯಾಯಿತು. ಅಲ್ಲಿ ಸಿಕ್ಕ ಭರವಸೆಯೇ ವಿಶ್ವವಿದ್ಯಾಲಯ. ಕಲ್ಕತ್ತೆಯ ಹಲವು ಗಣ್ಯರು ಇದನ್ನು ಬಲವಾಗಿ ವಿರೋಧಿಸಿದರು. ಭೂಪಟದಲ್ಲಿ ಅಳಿಸಿದ ಗೆರೆಯನ್ನು ಶಿಕ್ಷಣದಲ್ಲಿ ಮತ್ತೆ ಎಳೆಯಲಾಗುತ್ತಿದೆ ಎಂಬುದು ಅವರ ಆತಂಕವಾಗಿತ್ತು. ನೇಥನ್ ಸಮಿತಿ, ಮೊದಲ ಮಹಾಯುದ್ಧದ ವಿಳಂಬ, ಸ್ಯಾಡ್ಲರ್ ಆಯೋಗದ ಶಿಫಾರಸು, 1920ರ ಕಾಯ್ದೆ, ಇಷ್ಟೆಲ್ಲ ದಾಟಿ 1921ರ ಜುಲೈ 1ರಂದು ಪಾಠ ಆರಂಭವಾಯಿತು. ಮೊದಲ ಕುಲಪತಿ ಫಿಲಿಪ್ ಹಾರ್ಟಾಗ್.

ಆಗಿನ ಕಲ್ಕತ್ತಾ ವಿಶ್ವವಿದ್ಯಾಲಯದ ಮುಖ್ಯ ಕೆಲಸ ನೂರಾರು ಮೈಲಿ ದೂರದ ಕಾಲೇಜುಗಳಿಗೂ ಪರೀಕ್ಷೆ ನಡೆಸುವುದಾಗಿತ್ತು. ಢಾಕಾದ ಕಲ್ಪನೆ ಬೇರೆ. ಅದು ವಸತಿ ವಿಶ್ವವಿದ್ಯಾಲಯ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ‘ಹಾಲ್’ಗೆ ಸೇರಿರಬೇಕು, ಅದನ್ನು ನೋಡಿಕೊಳ್ಳಲು ಪ್ರೊವೋಸ್ಟ್ ಎಂಬ ಮುಖ್ಯಸ್ಥ, ಅಲ್ಲೇ ಗ್ರಂಥಾಲಯ, ಚರ್ಚಾಕೂಟ, ವಿದ್ಯಾರ್ಥಿ ಸಂಘ. ಮೊದಲಿಗೆ ಇದ್ದದ್ದು ಮೂರು: ಢಾಕಾ ಹಾಲ್, ಜಗನ್ನಾಥ ಹಾಲ್, ಸಲೀಮುಲ್ಲಾ ಮುಸ್ಲಿಂ ಹಾಲ್. ವಿದ್ಯಾರ್ಥಿಗಳಲ್ಲಿ ಶಿಸ್ತು ಮತ್ತು ಗುರುಶಿಷ್ಯರ ಒಡನಾಟ ಬೆಳೆಯಲಿ ಎಂಬುದು ಉದ್ದೇಶ. ಅದು ಈಡೇರಿತು ಎನ್ನಲು ಮೊದಲ ಎರಡು ದಶಕಗಳ ಸಾಧನೆಯೇ ಸಾಕ್ಷಿ. ಸತ್ಯೇಂದ್ರನಾಥ ಬೋಸ್ ಅವರು 1924ರಲ್ಲಿ ಐನ್‌ಸ್ಟೈನ್‌ಗೆ ಕಳುಹಿಸಿದ ಆ ಪ್ರಸಿದ್ಧ ಪ್ರಬಂಧವನ್ನು ಬರೆದದ್ದು ಇಲ್ಲಿ ಅಧ್ಯಾಪಕರಾಗಿದ್ದಾಗ. ಆದರೆ ಇದೇ ವ್ಯವಸ್ಥೆಯಲ್ಲಿ, ವಿದ್ಯಾರ್ಥಿಯ ಊಟ, ನಿದ್ರೆ, ಗೆಳೆತನ, ರಾಜಕೀಯ ಎಲ್ಲವೂ ಒಂದೇ ಕಟ್ಟಡದೊಳಗೆ ಸೇರಿಕೊಂಡವು. ಆ ಕಟ್ಟಡ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ವಿದ್ಯಾರ್ಥಿಯೂ ಇರುತ್ತಾನೆ. ಇದು ಗೊತ್ತಾಗಲು ನಾಲ್ಕು ದಶಕಗಳು ಬೇಕಾದವು.

ಪಾಕಿಸ್ತಾನದ ಕಾಲ

1947ರ ದೇಶವಿಭಜನೆಯ ನಂತರ ಅನೇಕ ಹಿಂದೂ ಅಧ್ಯಾಪಕರು ಹೊರಟುಹೋದರು. ಅದುವರೆಗೆ ಕಲ್ಕತ್ತೆಗೆ ಸಂಯೋಜಿತವಾಗಿದ್ದ ಪೂರ್ವ ಬಂಗಾಳದ ಕಾಲೇಜುಗಳೆಲ್ಲ ಢಾಕಾದ ಅಡಿಗೆ ಬಂದವು. ಒಂದು ನಗರದ ವಸತಿ ವಿಶ್ವವಿದ್ಯಾಲಯ ಹೀಗೆ ಏಕಾಏಕಿ ಇಡೀ ಪ್ರಾಂತ್ಯದ ವಿಶ್ವವಿದ್ಯಾಲಯವಾಯಿತು. ಪ್ರಾಂತ್ಯದ ಆಡಳಿತ ಕೇಂದ್ರವೂ ಅದೇ ನಗರದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಇದ್ದುದರಿಂದ, ಇಲ್ಲಿ ಎದ್ದ ಯಾವ ಕೂಗೂ ಸರ್ಕಾರದ ಕಿವಿಗೆ ಬೀಳದೇ ಇರುತ್ತಿರಲಿಲ್ಲ.

1948ರ ಮಾರ್ಚ್ 24ರಂದು ಕರ್ಜನ್ ಹಾಲ್‌ನಲ್ಲಿ ನಡೆದ ಘಟಿಕೋತ್ಸವದಲ್ಲಿ ಜಿನ್ನಾ ಉರ್ದುವೊಂದೇ ರಾಜ್ಯಭಾಷೆ ಎಂದಾಗ ವಿದ್ಯಾರ್ಥಿಗಳು ಎದುರಿಗೇ ಪ್ರತಿಭಟಿಸಿದರು. ಮರುವರ್ಷ ವಿಶ್ವವಿದ್ಯಾಲಯದ ಕೆಳದರ್ಜೆ ನೌಕರರ ಮುಷ್ಕರವನ್ನು ಬೆಂಬಲಿಸಿದ್ದಕ್ಕಾಗಿ ಕಾನೂನು ವಿದ್ಯಾರ್ಥಿ ಶೇಖ್ ಮುಜೀಬುರ್ ರಹಮಾನ್ ಅವರನ್ನು ಹೊರಹಾಕಲಾಯಿತು. ಆ ಆದೇಶವನ್ನು ವಿಶ್ವವಿದ್ಯಾಲಯ ಹಿಂಪಡೆದದ್ದು 2010ರಲ್ಲಿ, ಅವರ ಮಗಳು ಪ್ರಧಾನಿಯಾಗಿದ್ದಾಗ. 1952ರ ಫೆಬ್ರವರಿ 21ರಂದು ವಿದ್ಯಾರ್ಥಿಗಳು ಕಲಾ ವಿಭಾಗದ ಹಳೆಯ ಕಟ್ಟಡದ ಮಾವಿನ ಮರದಡಿ ಸೇರಿ ನಿಷೇಧಾಜ್ಞೆ ಮುರಿದರು. ಅಂದು ಪೊಲೀಸರ ಗುಂಡಿಗೆ ಬಲಿಯಾದವರಲ್ಲಿ ಒಬ್ಬರಾದ ಅಬುಲ್ ಬರ್ಕತ್ ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ.

ಹೀಗಾಗಿ 1958ರಲ್ಲಿ ಅಧಿಕಾರಕ್ಕೆ ಬಂದ ಅಯೂಬ್ ಖಾನ್ ಅವರ ಸೇನಾ ಆಡಳಿತಕ್ಕೆ ಈ ವಿಶ್ವವಿದ್ಯಾಲಯವನ್ನು ತಹಬಂದಿಗೆ ತರುವುದು ತುರ್ತಾಗಿತ್ತು. ಅದು ಎರಡು ದಾರಿ ಹಿಡಿಯಿತು. ಮೊದಲನೆಯದು 1961ರ ಸುಗ್ರೀವಾಜ್ಞೆ: ಚುನಾಯಿತ ಪ್ರಾತಿನಿಧ್ಯ ಕುಗ್ಗಿತು, ನೇಮಕಗೊಂಡವರ ಕೈ ಮೇಲಾಯಿತು, ಅಧ್ಯಾಪಕರ ರಾಜಕೀಯ ಚಟುವಟಿಕೆಗೆ ಕಡಿವಾಣ ಬಿತ್ತು. ಎರಡನೆಯ ದಾರಿ ಯಾವ ಕಡತದಲ್ಲೂ ಇರಲಿಲ್ಲ. ಗವರ್ನರ್ ಮೊನೆಮ್ ಖಾನ್ ಅವರ ಕಾಲದಲ್ಲಿ ಸರ್ಕಾರದ ಆಶ್ರಯ ಪಡೆದ ನ್ಯಾಷನಲ್ ಸ್ಟೂಡೆಂಟ್ಸ್ ಫೆಡರೇಷನ್ ಎಂಬ ವಿದ್ಯಾರ್ಥಿ ಸಂಘಟನೆ ಹಾಲ್‌ಗಳಲ್ಲಿ ತೋಳ್ಬಲದಿಂದ ಆಳತೊಡಗಿತು. ಆಳುವವರ ಪರವಾಗಿ ವಿದ್ಯಾರ್ಥಿಗಳನ್ನು ವಿದ್ಯಾರ್ಥಿಗಳೇ ಹತ್ತಿಕ್ಕುವ ಪದ್ಧತಿ ಢಾಕಾದಲ್ಲಿ ಬೇರೂರಿದ್ದು ಆಗಲೇ. ಸುಗ್ರೀವಾಜ್ಞೆ ಮುಂದೆ ರದ್ದಾಯಿತು. ಪದ್ಧತಿ ಮಾತ್ರ ಉಳಿದುಕೊಂಡಿತು.

1969ರ ದಂಗೆ ಅಯೂಬ್ ಅವರನ್ನು ಇಳಿಸಿತು. 1971ರ ಮಾರ್ಚ್ 2ರಂದು ಡಾಕ್ಸು ಉಪಾಧ್ಯಕ್ಷರು ಕಲಾ ವಿಭಾಗದ ಕಟ್ಟಡದ ಬಳಿ ಸ್ವತಂತ್ರ ಬಾಂಗ್ಲಾದ ಧ್ವಜವನ್ನು ಮೊದಲ ಬಾರಿಗೆ ಹಾರಿಸಿದರು. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಜಗನ್ನಾಥ ಹಾಲ್ ಮತ್ತು ಇಕ್ಬಾಲ್ ಹಾಲ್‌ಗಳಿಗೆ ನುಗ್ಗಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕೊಂದಿತು. ತತ್ವಶಾಸ್ತ್ರದ ಗೋವಿಂದಚಂದ್ರ ದೇವ್ ಮತ್ತು ಇಂಗ್ಲಿಷ್ ವಿಭಾಗದ ಜ್ಯೋತಿರ್ಮಯ ಗುಹಠಾಕುರತಾ ಆ ದಾಳಿಗೆ ಬಲಿಯಾದರು. ವಿದ್ಯಾರ್ಥಿಗಳು ಸಭೆ ಸೇರುತ್ತಿದ್ದ ಆಲದ ಮರವನ್ನೂ ಸೇನೆ ಕಿತ್ತುಹಾಕಿತು. ಯುದ್ಧ ಮುಗಿಯಲು ಎರಡು ದಿನ ಇರುವಾಗ, ಡಿಸೆಂಬರ್ 14ರ ಹೊತ್ತಿಗೆ, ಮುನೀರ್ ಚೌಧುರಿ ಸೇರಿದಂತೆ ಹಲವು ಪ್ರಾಧ್ಯಾಪಕರನ್ನು ಮನೆಗಳಿಂದ ಎಳೆದೊಯ್ದು ಕೊಲ್ಲಲಾಯಿತು. ಈ ಕೃತ್ಯದಲ್ಲಿ ಕೈಜೋಡಿಸಿದ ಅಲ್ ಬದ್ರ್ ಪಡೆಯಲ್ಲಿ ಜಮಾತೆಯ ಅಂದಿನ ವಿದ್ಯಾರ್ಥಿ ಘಟಕವಾದ ಇಸ್ಲಾಮಿ ಛಾತ್ರ ಸಂಘದವರೇ ಹೆಚ್ಚಾಗಿದ್ದರು. 2025ರ ಫಲಿತಾಂಶ ಇಷ್ಟು ಜನರನ್ನು ಕಲಕಿದ್ದಕ್ಕೆ ಈ ನೆನಪು ಕಾರಣ.

1973ರ ಆದೇಶ ಕೊಟ್ಟದ್ದೇನು, ಬಿಟ್ಟದ್ದೇನು

ಸ್ವತಂತ್ರ ಬಾಂಗ್ಲಾದೇಶ ಅಯೂಬ್ ಕಾಲದ ಸುಗ್ರೀವಾಜ್ಞೆಯನ್ನು ಕಿತ್ತುಹಾಕಿ 1973ರಲ್ಲಿ ಢಾಕಾ ವಿಶ್ವವಿದ್ಯಾಲಯ ಆದೇಶವನ್ನು ತಂದಿತು. ದಕ್ಷಿಣ ಏಷ್ಯಾದಲ್ಲಿ ಇಷ್ಟು ಉದಾರವಾದ ವಿಶ್ವವಿದ್ಯಾಲಯ ಕಾನೂನುಗಳು ವಿರಳ. ಸೆನೆಟ್ ಮೂವರ ಹೆಸರನ್ನು ಆರಿಸಿ ಕಳುಹಿಸಬೇಕು, ಕುಲಾಧಿಪತಿಯಾದ ರಾಷ್ಟ್ರಪತಿ ಅವರಲ್ಲೊಬ್ಬರನ್ನು ನಾಲ್ಕು ವರ್ಷಕ್ಕೆ ಕುಲಪತಿಯಾಗಿ ನೇಮಿಸಬೇಕು. ಡೀನ್‌ಗಳನ್ನು ಅಧ್ಯಾಪಕರೇ ಚುನಾಯಿಸುತ್ತಾರೆ. ಸೆನೆಟ್‌ನಲ್ಲಿ 35 ಚುನಾಯಿತ ಅಧ್ಯಾಪಕರು, 25 ನೋಂದಾಯಿತ ಪದವೀಧರರು, ಡಾಕ್ಸು ಕಳುಹಿಸುವ 5 ವಿದ್ಯಾರ್ಥಿಗಳು ಇರುತ್ತಾರೆ. ವಿಶ್ವವಿದ್ಯಾಲಯದ ಹೊರಗಿನ ಯಾವುದೇ ಕಾನೂನುಬದ್ಧ ಸಂಘಟನೆಯೊಂದಿಗೆ ಸಂಬಂಧ ಇಟ್ಟುಕೊಳ್ಳುವ ಹಕ್ಕನ್ನು ಅಧ್ಯಾಪಕರಿಗೆ ಸ್ಪಷ್ಟವಾಗಿ ಕೊಡಲಾಯಿತು. ಸಹೋದ್ಯೋಗಿಗಳ ಹತ್ಯೆಯನ್ನು ಕಂಡು ಎರಡು ವರ್ಷವೂ ಆಗಿರದ ಅಧ್ಯಾಪಕರು ಇದನ್ನು ತಾವು ಗಳಿಸಿಕೊಂಡ ಹಕ್ಕೆಂದು ಭಾವಿಸಿದ್ದರಲ್ಲಿ ತಪ್ಪಿಲ್ಲ.

ಆದರೆ ಇಷ್ಟೆಲ್ಲ ಚುನಾವಣೆಗಳು ಇರುವ ಕಡೆ ಮತದಾರರ ಗುಂಪುಗಳು ಏರ್ಪಡುವುದು ಸಹಜ. ಕಾಲಕ್ರಮದಲ್ಲಿ ಅಧ್ಯಾಪಕರು ಬಣ್ಣಗಳ ಹೆಸರಿನ ಬಣಗಳಾದರು: ಮುಜೀಬ್ ಅವರ ಪಕ್ಷವಾದ ಅವಾಮಿ ಲೀಗ್ ಪರವಾದ ನೀಲಿ, ಬಾಂಗ್ಲಾದೇಶ್ ನ್ಯಾಷನಲಿಸ್ಟ್ ಪಾರ್ಟಿ (ಬಿಎನ್‌ಪಿ) ಮತ್ತು ಜಮಾತೆ ಪರವಾದ ಬಿಳಿ, ಎಡಪಂಥೀಯರ ಗುಲಾಬಿ. ಹೊಸ ಅಧ್ಯಾಪಕರ ನೇಮಕವೆಂದರೆ ಹೊಸ ಮತದಾರರ ನೇಮಕ ಎಂಬ ಲೆಕ್ಕಾಚಾರ ಬಂತು. ಢಾಕಾದಲ್ಲಿ ಸರ್ಕಾರ ಬದಲಾದ ಮರುವಾರವೇ ಕುಲಪತಿ, ಪ್ರೊವೋಸ್ಟ್, ಶಿಸ್ತು ನೋಡಿಕೊಳ್ಳುವ ಪ್ರಾಕ್ಟರ್‌ಗಳೂ ಬದಲಾಗುವುದು ವಾಡಿಕೆಯಾಯಿತು. ಕಾನೂನಿನ 11ನೇ ವಿಧಿಯಲ್ಲಿ ತಾತ್ಕಾಲಿಕ ತೆರವು ತುಂಬಲು ಕುಲಾಧಿಪತಿಗೆ ಕೊಟ್ಟ ಅವಕಾಶವನ್ನು ಬಳಸಿ, ಸೆನೆಟ್‌ನ ಆಯ್ಕೆಯನ್ನು ಮುಂದೂಡಿ, ತಮಗೆ ಬೇಕಾದವರನ್ನು ಕೂರಿಸುವ ದಾರಿ ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳಿಗೂ ಸಿಕ್ಕಿತು.

ವಿದ್ಯಾರ್ಥಿಗಳ ಪಾಲಿಗೆ ಆದೇಶ ಮೊದಲ ವರ್ಷವೇ ಸೋತಿತು. 1973ರ ಡಾಕ್ಸು ಚುನಾವಣೆಯಲ್ಲಿ ಮತಪೆಟ್ಟಿಗೆಗಳನ್ನೇ ಕಿತ್ತೊಯ್ಯಲಾಯಿತು, ಫಲಿತಾಂಶ ಪ್ರಕಟವಾಗಲಿಲ್ಲ. ಡಾಕ್ಸುವಿನ ರಚನೆಯಲ್ಲೂ ಒಂದು ತೊಡಕಿದೆ. ಅದರ ಅಧ್ಯಕ್ಷರು ಪದನಿಮಿತ್ತವಾಗಿ ಕುಲಪತಿಯೇ. ವಿದ್ಯಾರ್ಥಿಗಳು ಚುನಾಯಿಸುವ ಅತಿ ದೊಡ್ಡ ಹುದ್ದೆ ಉಪಾಧ್ಯಕ್ಷರದು. ಸುದ್ದಿಗಳಲ್ಲಿ ಗೆದ್ದವರನ್ನು ‘ವಿಪಿ’ ಎನ್ನುವುದು ಇದಕ್ಕೇ. ಚುನಾವಣೆಯನ್ನು ಘೋಷಿಸುವ ಅಧಿಕಾರ ಆಡಳಿತದ ಕೈಯಲ್ಲಿದೆ. ಆಡಳಿತ ಸರ್ಕಾರದ ಮುಖ ನೋಡುತ್ತದೆ.

ಸರ್ವಾಧಿಕಾರಿಗಳ ಕಾಲದಲ್ಲಿ ಚುನಾವಣೆ, ಪ್ರಜಾಪ್ರಭುತ್ವದಲ್ಲಿ ಇಲ್ಲ

1975ರ ಆಗಸ್ಟ್ 15ರಂದು ಮುಜೀಬ್ ವಿಶ್ವವಿದ್ಯಾಲಯಕ್ಕೆ ಭೇಟಿ ಕೊಡುವವರಿದ್ದರು. ಅಂದು ಬೆಳಗಿನ ಜಾವವೇ ಅವರ ಹತ್ಯೆಯಾಯಿತು. ನಂತರ ಬಂದ ಜಿಯಾವುರ್ ರಹಮಾನ್ ಆಡಳಿತ 1976ರ ರಾಜಕೀಯ ಪಕ್ಷಗಳ ನಿಯಮಾವಳಿಯ ಮೂಲಕ ವಿದ್ಯಾರ್ಥಿ ಸಂಘಟನೆಗಳು ಪಕ್ಷಗಳ ಅಂಗಸಂಸ್ಥೆಗಳಾಗಿ ಗುರುತಿಸಿಕೊಳ್ಳುವ ಸ್ಥಿತಿ ತಂದಿತು. ಅಲ್ಲಿಯವರೆಗೆ ಪಕ್ಷಗಳ ಮೇಲೆ ವಿದ್ಯಾರ್ಥಿ ಮುಖಂಡರ ಪ್ರಭಾವವಿದ್ದರೆ, ಅಲ್ಲಿಂದ ಮುಂದೆ ಪಕ್ಷದ ಕಚೇರಿಯಿಂದ ವಿದ್ಯಾರ್ಥಿ ಮುಖಂಡರ ಪಟ್ಟಿ ಬರತೊಡಗಿತು. ಛಾತ್ರ ಶಿಬಿರ 1977ರಲ್ಲಿ ಹುಟ್ಟಿದ್ದು ಈ ವಿಶ್ವವಿದ್ಯಾಲಯದ ಕೇಂದ್ರ ಮಸೀದಿಯಲ್ಲೇ. ಬಿಎನ್‌ಪಿಯ ಛಾತ್ರ ದಳ 1979ರಲ್ಲಿ ಹುಟ್ಟಿತು.

ಇಲ್ಲೊಂದು ವಿಚಿತ್ರ ಇತಿಹಾಸವಿದೆ. ಸೇನಾ ಹಿನ್ನೆಲೆಯ ಜಿಯಾ ಕಾಲದಲ್ಲಿ 1979 ಮತ್ತು 1980ರಲ್ಲಿ, ಇನ್ನೊಬ್ಬ ಸೇನಾ ಆಡಳಿತಗಾರ ಎರ್ಷಾದ್ ಕಾಲದಲ್ಲಿ 1989 ಮತ್ತು 1990ರಲ್ಲಿ ಡಾಕ್ಸು ಚುನಾವಣೆಗಳು ನಡೆದವು. 1990ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳೇ ಮುಂಚೂಣಿಯಲ್ಲಿದ್ದ ಚಳವಳಿ ಎರ್ಷಾದ್ ಅವರನ್ನು ಇಳಿಸಿತು, ಸಂಸದೀಯ ಪ್ರಜಾಪ್ರಭುತ್ವ ಮರಳಿತು, ಮತ್ತು ಡಾಕ್ಸು ಚುನಾವಣೆ ನಿಂತುಹೋಯಿತು. ಮುಂದಿನ ಚುನಾವಣೆ ನಡೆದದ್ದು 2019ರ ಮಾರ್ಚ್ 11ರಂದು, ಅದೂ ಹೈಕೋರ್ಟ್ ಆದೇಶದ ನಂತರ. ನಡುವಿನ 28 ವರ್ಷಗಳಲ್ಲಿ ಬಿಎನ್‌ಪಿಯೂ ಆಳಿತು, ಅವಾಮಿ ಲೀಗ್ ಕೂಡ ಆಳಿತು.

ಕಾರಣವನ್ನು ಹುಡುಕುವುದು ಕಷ್ಟವಲ್ಲ. ಡಾಕ್ಸುವಿನಲ್ಲಿ ಗೆದ್ದ ಅನೇಕರು ಸರ್ಕಾರದ ವಿರೋಧಿಗಳೇ ಆಗಿದ್ದರು, ಮತ್ತು ಹಾಗೆ ಗೆದ್ದವರ ಚಳವಳಿಗಳು ಎರಡು ಸೇನಾ ಆಡಳಿತಗಳನ್ನು ಉರುಳಿಸಿದ್ದವು. ಇದು ಗೊತ್ತಿದ್ದ ಯಾವ ಪ್ರಧಾನಿಯೂ ತನ್ನ ಮನೆಯ ಬಾಗಿಲಲ್ಲೇ ಅಂಥ ವೇದಿಕೆಯನ್ನು ಬಯಸಲಿಲ್ಲ. ಚುನಾವಣೆ ಇಲ್ಲದಿದ್ದಾಗ ಹಾಲ್‌ಗಳನ್ನು ನಡೆಸಲು ಯಾರಾದರೂ ಬೇಕಲ್ಲ, ಆ ಜಾಗವನ್ನು ಆಡಳಿತ ಪಕ್ಷದ ವಿದ್ಯಾರ್ಥಿ ಘಟಕ ತುಂಬಿತು. ಸೆನೆಟ್‌ನಲ್ಲಿನ ಐದು ವಿದ್ಯಾರ್ಥಿ ಸ್ಥಾನಗಳು ಖಾಲಿ ಉಳಿದವು. ಕುಲಪತಿಯ ಆಯ್ಕೆಯಲ್ಲಿ ವಿದ್ಯಾರ್ಥಿಗೆ ಇದ್ದ ಚಿಕ್ಕ ಪಾಲೂ ಹೋಯಿತು.

‘ಗಣರೂಮ್’ ಎಂಬ ಆಳ್ವಿಕೆ

ವಿದ್ಯಾರ್ಥಿಗಳ ಸಂಖ್ಯೆ ಬೆಳೆದಷ್ಟು ಹಾಸಿಗೆಗಳು ಬೆಳೆಯಲಿಲ್ಲ. ಢಾಕಾದಂಥ ದುಬಾರಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿಯಲಾಗದ ಬಡ ಕುಟುಂಬದ ಹುಡುಗನಿಗೆ ಹಾಲ್ ಸಿಗದಿದ್ದರೆ ಓದೇ ನಿಲ್ಲುತ್ತದೆ. ನಿಯಮದ ಪ್ರಕಾರ ಹಾಸಿಗೆ ಹಂಚುವವರು ಪ್ರೊವೋಸ್ಟ್. ನಿಜವಾಗಿ, ಅದರಲ್ಲೂ ಹುಡುಗರ ಹಾಲ್‌ಗಳಲ್ಲಿ, ಹಂಚುತ್ತಿದ್ದವರು ಆಡಳಿತ ಪಕ್ಷದ ವಿದ್ಯಾರ್ಥಿ ನಾಯಕರು. ಮೊದಲ ವರ್ಷದವರನ್ನು ನಾಲ್ವರಿಗೆಂದು ಕಟ್ಟಿದ ಕೋಣೆಯಲ್ಲಿ ಇಪ್ಪತ್ತು, ಮೂವತ್ತು ಜನರಂತೆ ನೆಲದ ಮೇಲೆ ಮಲಗಿಸುತ್ತಿದ್ದರು. ಇದನ್ನೇ ‘ಗಣರೂಮ್’ ಎನ್ನುತ್ತಿದ್ದರು. ಬದಲಿಗೆ ಅವರು ಮೆರವಣಿಗೆಗೆ ಹೋಗಬೇಕು, ಘೋಷಣೆ ಕೂಗಬೇಕು, ರಾತ್ರಿ ‘ಗೆಸ್ಟ್‌ರೂಮ್’ಗೆ ಹಾಜರಾಗಿ ಹಿರಿಯರ ಬೈಗುಳವನ್ನೂ ಕೆಲವೊಮ್ಮೆ ಪೆಟ್ಟನ್ನೂ ಸಹಿಸಬೇಕು. ಬಿಎನ್‌ಪಿ ಆಳಿದಾಗ ಛಾತ್ರ ದಳ, ಅವಾಮಿ ಲೀಗ್ ಆಳಿದಾಗ ಛಾತ್ರ ಲೀಗ್, ಹಾಲ್‌ಗಳ ಮೇಲೆ ಹಿಡಿತ ಇಟ್ಟುಕೊಂಡವು. 2009ರಿಂದ ಹದಿನೈದು ವರ್ಷ ಒಂದೇ ಪಕ್ಷ ಆಳಿದ್ದರಿಂದ ಈ ವ್ಯವಸ್ಥೆ ಎಂದಿಗಿಂತ ಗಟ್ಟಿಯಾಯಿತು.

ಒಂದು ಪ್ರಜಾಸತ್ತಾತ್ಮಕ ಕಾನೂನಿನಡಿ, ರಾಷ್ಟ್ರದ ಅತ್ಯುತ್ತಮ ವಿದ್ಯಾರ್ಥಿಗಳು ನಿದ್ರೆಗಾಗಿ ನಿಷ್ಠೆಯನ್ನು ಒತ್ತೆಯಿಡಬೇಕಾದದ್ದು ಈ ಇತಿಹಾಸದ ಅತ್ಯಂತ ನೋವಿನ ಭಾಗ ಎಂದೇ ಹೇಳಬೇಕು. 1961ರ ಸುಗ್ರೀವಾಜ್ಞೆಯನ್ನು ಪ್ರಶ್ನಿಸಲು ಸಾಧ್ಯವಿತ್ತು, ಏಕೆಂದರೆ ಅದು ಗೆಜೆಟ್‌ನಲ್ಲಿ ಅಚ್ಚಾಗಿತ್ತು. ಗಣರೂಮನ್ನು ಯಾವ ನ್ಯಾಯಾಲಯದಲ್ಲಿ ಪ್ರಶ್ನಿಸುವುದು?

2024ರ ಜುಲೈ

2024ರ ಜೂನ್ 5ರಂದು ಹೈಕೋರ್ಟ್ ಸರ್ಕಾರಿ ನೌಕರಿಯಲ್ಲಿ ಸ್ವಾತಂತ್ರ್ಯ ಯೋಧರ ವಂಶಸ್ಥರಿಗಿದ್ದ ಶೇ 30ರ ಮೀಸಲಾತಿಯನ್ನು ಮತ್ತೆ ಜಾರಿಗೆ ತಂದಿತು. ಖಾಸಗಿ ವಲಯದಲ್ಲಿ ಒಳ್ಳೆಯ ಕೆಲಸಗಳು ವಿರಳವಾದ ದೇಶದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಯೇ ಪದವೀಧರರ ದೊಡ್ಡ ಆಸರೆ. ಹಾಗಾಗಿ ಚಳವಳಿ ಢಾಕಾ ವಿಶ್ವವಿದ್ಯಾಲಯದಲ್ಲೇ ಭುಗಿಲೆದ್ದಿತು. ಜುಲೈ 14ರ ರಾತ್ರಿ ಪ್ರಧಾನಿ ಶೇಖ್ ಹಸೀನಾ ಅವರ ಮಾತಿನಿಂದ ಕೆರಳಿ ವಿದ್ಯಾರ್ಥಿನಿಯರೂ ಹಾಲ್‌ಗಳಿಂದ ಬೀದಿಗಿಳಿದರು. ಮರುದಿನ ಛಾತ್ರ ಲೀಗ್ ಅವರ ಮೇಲೆ ಹಲ್ಲೆ ನಡೆಸಿತು. ಜುಲೈ 16ರ ರಾತ್ರಿಯಿಂದ 17ರವರೆಗೆ ವಿದ್ಯಾರ್ಥಿಗಳು ಒಂದೊಂದಾಗಿ ಹಾಲ್‌ಗಳಿಂದ ಛಾತ್ರ ಲೀಗ್ ನಾಯಕರನ್ನು ಹೊರಗಟ್ಟಿ, ಹಾಲ್ ರಾಜಕೀಯಮುಕ್ತ ಎಂಬ ಪತ್ರಕ್ಕೆ ಪ್ರೊವೋಸ್ಟ್‌ಗಳಿಂದ ಸಹಿ ಹಾಕಿಸಿಕೊಂಡರು.

ಹೊರಗಿನವರ ಗಮನ ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ತೊರೆದ ದೃಶ್ಯದ ಮೇಲೆ ನಿಂತಿತು. ಜುಲೈ 1ರಿಂದ ಆಗಸ್ಟ್ 15ರವರೆಗೆ 1,400ರಷ್ಟು ಜನ ಸತ್ತಿರಬಹುದು ಎಂಬುದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಅಂದಾಜು. ಆದರೆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ನಿರ್ಣಾಯಕವಾದದ್ದು ಜುಲೈ 17. ಅರುವತ್ತರ ದಶಕದಿಂದ ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿದಿದ್ದ ಹಿಡಿತವನ್ನು ವಿದ್ಯಾರ್ಥಿಗಳು ಅಂದು ಕೈಯಾರೆ ಕಳಚಿದರು. ನಂತರ ಹಾಸಿಗೆ ಹಂಚಿಕೆ ಆಡಳಿತದ ಕೈಗೆ ಮರಳಿತು, ಗಣರೂಮ್‌ಗಳು ಮುಚ್ಚಿದವು. 2025ರ ಆಗಸ್ಟಿನಲ್ಲಿ ಛಾತ್ರ ದಳ 18 ಹಾಲ್‌ಗಳಿಗೆ ಸಮಿತಿಗಳನ್ನು ಘೋಷಿಸಿದಾಗ ನಡುರಾತ್ರಿಯೇ ಪ್ರತಿಭಟನೆ ಎದ್ದಿತು.

ಫಲಿತಾಂಶವನ್ನು ಓದುವ ಬಗೆಗಳು

ಈ ಪ್ರತಿಭಟನೆಯ ಮರುತಿಂಗಳೇ ಮತದಾನ ನಡೆಯಿತು ಎಂಬುದನ್ನು ಮರೆಯಬಾರದು. ಹಾಲ್‌ಗಳಲ್ಲಿ ಹಳೆಯ ಆಳ್ವಿಕೆ ಮರಳುವ ಭಯ ಛಾತ್ರ ದಳಕ್ಕೆ ಮುಳುವಾಯಿತು. ಶಿಬಿರದ ಮೇಲೆ ಆ ಆರೋಪ ಅಷ್ಟಾಗಿ ಅಂಟಲಿಲ್ಲ, ಏಕೆಂದರೆ 1990ರ ಹೊತ್ತಿನಿಂದ ಇತರ ಸಂಘಟನೆಗಳು ಅದನ್ನು ಈ ಆವರಣದಲ್ಲಿ ಬಹಿರಂಗವಾಗಿ ಕೆಲಸ ಮಾಡಲು ಬಿಟ್ಟಿರಲಿಲ್ಲ. ಇಲ್ಲಿನ ಹಾಲ್‌ಗಳನ್ನು ಆಳಿದ ಚರಿತ್ರೆಯೇ ಅದಕ್ಕಿರಲಿಲ್ಲ. ಗುಟ್ಟಾಗಿ ಕಟ್ಟಿಕೊಂಡ ಶಿಸ್ತಿನ ಜಾಲ, ಹೊಸ ವಿದ್ಯಾರ್ಥಿಗಳಿಗೆ ಮಾಡಿದ ನೆರವು, ತನ್ನ ಹೆಸರನ್ನು ಮುಂದಿಡದೆ ಹೊರಗಿನವರನ್ನೂ ಸೇರಿಸಿಕೊಂಡ ತಂಡ, ಇವು ಉಳಿದ ಕೆಲಸ ಮಾಡಿದವು.

ವಿರೋಧಿಗಳ ವಾದಕ್ಕೂ ತೂಕವಿದೆ. ಗುಟ್ಟಾಗಿ ಬೆಳೆದ ಸಂಘಟನೆಯ ನಿಜವಾದ ನಿಲುವುಗಳು ಮತದಾರನಿಗೆ ತಿಳಿದಿರಲಿಲ್ಲ, 1971ರ ಹೊಣೆಯನ್ನು ಜಮಾತೆ ನೇರವಾಗಿ ಒಪ್ಪಿಕೊಂಡಿಲ್ಲ, ವಿದ್ಯಾರ್ಥಿನಿಯರ ಮತ್ತು ಅಲ್ಪಸಂಖ್ಯಾತರ ಸ್ವಾತಂತ್ರ್ಯಕ್ಕೆ ಏನಾದೀತು ಎಂದು ಅವರು ಕೇಳುತ್ತಾರೆ. ತಮ್ಮ ಸಂಘಟನೆ ಹುಟ್ಟಿದ್ದೇ 1977ರಲ್ಲಿ ಎಂಬುದು ಶಿಬಿರದವರ ಉತ್ತರ. ಜಗನ್ನಾಥ ಹಾಲ್‌ನ ಅಂಗಳದಲ್ಲಿ ನಿಂತವರಿಗೆ ಅಷ್ಟು ಉತ್ತರ ಸಾಲುವುದಿಲ್ಲ. ಆದರೂ ಫಲಿತಾಂಶವನ್ನು ಇಡೀ ಒಂದು ಪೀಳಿಗೆಯ ಮತಾಂತರವೆಂದು ಓದುವುದು ದುಡುಕು. ಯಾರು ತಮ್ಮ ಹಾಸಿಗೆಯನ್ನು ಕಸಿಯಲಾರರು ಎಂಬ ಅಂದಾಜಿಗೂ ಅಲ್ಲಿ ಮತ ಬಿದ್ದಿದೆ.

ಮುಂದೇನು ಬದಲಾಗಬಹುದು

ಡಾಕ್ಸು ಇರುವವರೆಗೆ ಸೆನೆಟ್‌ಗೆ ವಿದ್ಯಾರ್ಥಿ ಪ್ರತಿನಿಧಿಗಳು ಹೋಗುತ್ತಾರೆ. ಆಗ ಸೆನೆಟ್ ಅಪೂರ್ಣ ಎಂಬ ನೆಪದಲ್ಲಿ ತಾತ್ಕಾಲಿಕ ಕುಲಪತಿಗಳನ್ನು ನೇಮಿಸುತ್ತಾ ಹೋಗುವುದು ಕಷ್ಟವಾಗುತ್ತದೆ. ಆದರೆ ಡಾಕ್ಸುವಿನ ಅವಧಿ ಒಂದೇ ವರ್ಷ, ಮತ್ತು ಮುಂದಿನ ಚುನಾವಣೆಯನ್ನು ಕರೆಯಬೇಕಾದವರು ಕುಲಪತಿ. 2019ರಲ್ಲಿ ಗೆದ್ದವರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಚುನಾವಣೆಯ ದಿನಾಂಕವನ್ನು ಆಡಳಿತದ ಇಚ್ಛೆಯಿಂದ ಬಿಡಿಸಿ ವಿಶ್ವವಿದ್ಯಾಲಯದ ಪಂಚಾಂಗಕ್ಕೆ ಕಡ್ಡಾಯವಾಗಿ ಸೇರಿಸದೆ ಇದಕ್ಕೆ ಬೇರೆ ಮದ್ದು ಕಾಣುತ್ತಿಲ್ಲ.

1973ರ ಆದೇಶವನ್ನೇ ತಿದ್ದಬೇಕು, ಕುಲಪತಿಯನ್ನು ಶೋಧನಾ ಸಮಿತಿ ಆರಿಸಬೇಕು ಎಂದು ಒಂದು ವರ್ಗ ಹೇಳುತ್ತದೆ. ಒಮ್ಮೆ ತಿದ್ದುಪಡಿಗೆ ಬಾಗಿಲು ತೆರೆದರೆ ಸರ್ಕಾರ ಅಲ್ಲಿಂದಲೇ ಒಳಬರುತ್ತದೆ ಎಂದು ಇನ್ನೊಂದು ವರ್ಗ ಹೆದರುತ್ತದೆ. 1961ನ್ನು ಬಲ್ಲವರು ಆ ಹೆದರಿಕೆಯನ್ನು ತಳ್ಳಿಹಾಕಲಾರರು. ವಿದ್ಯಾರ್ಥಿ ರಾಜಕೀಯವನ್ನೇ ನಿಷೇಧಿಸಿ ಎಂಬ ಕೂಗೂ ಇದೆ. ನಿಷೇಧವಿದ್ದಾಗ ಲಾಭವಾಗುವುದು ಗುಟ್ಟಾಗಿ ಸಂಘಟಿತರಾಗಬಲ್ಲವರಿಗೆ ಎಂಬುದನ್ನು 2025ರ ಚುನಾವಣೆ ತೋರಿಸಿರುವುದರಿಂದ, ಆ ಕೂಗಿನ ಹಿಂದಿನ ಬೇಸರ ಅರ್ಥವಾದರೂ ಪರಿಹಾರ ಒಪ್ಪುವಂಥದ್ದಲ್ಲ.

ಇವೆಲ್ಲವುಗಳಿಗಿಂತ ಮುಂಚೆ ಆಗಬೇಕಾದದ್ದು ಹಾಲ್‌ಗಳ ನಿರ್ಮಾಣ ಮತ್ತು ಹಂಚಿಕೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು. ಹಾಸಿಗೆಗಳ ಕೊರತೆ ಇರುವವರೆಗೆ ಅವುಗಳನ್ನು ಹಂಚುವ ಮಧ್ಯವರ್ತಿಗಳು ಹುಟ್ಟುತ್ತಲೇ ಇರುತ್ತಾರೆ, ಅವರ ಪಕ್ಷ ಯಾವುದೇ ಇರಲಿ. ತನ್ನದೇ ವಿದ್ಯಾರ್ಥಿ ಘಟಕವಿರುವ ಪಕ್ಷವೊಂದು ಪೂರ್ಣಾವಧಿ ಆಳಿದ ಮೇಲೂ ಹೊಸ ವಿದ್ಯಾರ್ಥಿ ಪ್ರೊವೋಸ್ಟ್ ಕಚೇರಿಗೆ ಅರ್ಜಿ ಕೊಟ್ಟು, ಯಾವ ನಾಯಕನನ್ನೂ ಕಾಣದೆ ಹಾಸಿಗೆ ಪಡೆಯುತ್ತಾನೆಯೇ ಎಂಬುದರಿಂದ 2024ರ ಜುಲೈ 17ರ ಪತ್ರಗಳಿಗೆ ಎಷ್ಟು ಬೆಲೆಯಿದೆ ಎಂದು ತಿಳಿಯುತ್ತದೆ.